ದೊಡ್ಡ ದೇವಸೇವಕರ ಮಾತನ್ನು ಅನುಮಾನಿಸಿದರೆ ಅಪನಂಬಿಕೆಯಾ?

ಹಿತ್ತಲ ಗಿಡ:
ಎಲ್ಲರಿಗೂ ವಂದನೆ. ಕಳೆದ ವಾರ ನಮ್ಮೂರಿನಲ್ಲಿ ಮೂರು ದಿನ ಉಜ್ಜೀವನ ಕೂಟ ಇತ್ತು. ಹೊರಗಿನಿಂದ ಬಂದ ದೇವಸೇವಕರು ಸತ್ಯವೇದದ ಯೆರೆಮೀಯ 29:11 (ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ವಚನ) ಹಿಡಿದು ಎರಡು ಗಂಟೆ ಮಾತಾಡಿದರು. ಒಳ್ಳೆಯ ಗಂಟಲು. ಸತ್ಯವೇದ ತೆರೆಯದೆಯೇ ವಚನಗಳು ಪಟಪಟ ಬರುತ್ತಿದ್ದವು. ನಡುನಡುವೆ "ಮೂಲ ಹೀಬ್ರೂನಲ್ಲಿ ಹೀಗಿದೆ" ಅನ್ನುತ್ತಿದ್ದರು. ನಮ್ಮಲ್ಲಿ ಯಾರಿಗೆ ಹೀಬ್ರೂ ಬರುತ್ತದೆ ಹೇಳಿ? ಕೊನೆಗೆ "ಈ ವರ್ಷ ಮುಗಿಯುವುದರೊಳಗೆ ನಿಮ್ಮ ಸಾಲವೆಲ್ಲ ತೀರುತ್ತದೆ, ಬೀಜ ಬಿತ್ತಿ" ಅಂತ ಕಾಣಿಕೆ ಕವರ್ ಹಂಚಿದರು. ಭಾನುವಾರದೊಳಗೆ ತುಂಬಿ ಕೊಡಬೇಕಂತೆ.

ಅಮ್ಮ ಸ್ತ್ರೀಶಕ್ತಿ ಸಂಘದ ಕಂತಿಗೆ ಎತ್ತಿಟ್ಟಿದ್ದ 6,000 ರೂಪಾಯಿ ಈಗ ಆ ಕವರಿನಲ್ಲಿದೆ. "ನಮ್ಮ ಸಭೆಯ ಅಯ್ಯನವರನ್ನು ಒಂದು ಮಾತು ಕೇಳೋಣ" ಅಂದಿದ್ದಕ್ಕೆ ದೊಡ್ಡಮ್ಮ ಗದರಿದರು. "ಅಭಿಷಿಕ್ತರ ಮೇಲೆ ಮಾತಾಡಬೇಡ, ಶಾಪ ತಟ್ಟುತ್ತೆ." ನಿಜ ಹೇಳಬೇಕೆಂದರೆ, ಸಂದೇಶ ಕೇಳುವಾಗ ನಾನೂ ಅತ್ತಿದ್ದೆ. ಈಗ ಅನುಮಾನ ಬರುತ್ತಿದೆ. ತಪ್ಪು ನನ್ನದಾ?

ರಿಟೈರ್ಡ್ ಮೇಷ್ಟ್ರು:
ಮಗಳೇ, ಹೀಬ್ರೂ ಬೇಡ, ಕನ್ನಡ ಸಾಕು. ಆ ವಚನದ ಹಿಂದಿನದನ್ನು ಓದು. 70 ವರ್ಷ ಅಂತಿದೆ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಂತ 5, 6ನೇ ವಚನ. ಅಂದರೆ ಬಿಡುಗಡೆ ಇವತ್ತು ನಾಳೆ ಇಲ್ಲ. ಆ ಕಾಗದ ಕೇಳಿಸಿಕೊಂಡ ಎಷ್ಟೋ ಮುದುಕರು ಊರು ನೋಡದೆಯೇ ಸತ್ತಿರಬೇಕು. 8ನೇ ವಚನ ಓದಿದರೆ ನನಗಂತೂ ನಗು ಬರುತ್ತದೆ. ನಿಮ್ಮ ನಡುವಿನ ಪ್ರವಾದಿಗಳಿಂದ ಮೋಸಹೋಗಬೇಡಿ ಅಂತ!

28ನೇ ಅಧ್ಯಾಯವನ್ನೂ ಬಿಡಬೇಡ. ಹನನ್ಯ ಅನ್ನುವವನು ದೇವಾಲಯದಲ್ಲೇ, ಯಾಜಕರ ಎದುರಿಗೇ, ದೇವರ ಹೆಸರು ಹೇಳಿಯೇ, ಎರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂದ. ಬಾಬಿಲೋನಿಗೆ ಅಧೀನರಾಗಿರಬೇಕು ಅನ್ನುವುದಕ್ಕೆ ಗುರುತಾಗಿ ಯೆರೆಮೀಯನ ಕತ್ತಿನ ಮೇಲಿದ್ದ ನೊಗ ತೆಗೆದು ಮುರಿದ. ನೋಡುವುದಕ್ಕೆ ಜೋರಾಗಿಯೇ ಇದ್ದಿರಬೇಕು. ಅದಕ್ಕೂ ಮೊದಲು ಯೆರೆಮೀಯ ಅವನಿಗೆ ಏನಂದಿದ್ದ ಗೊತ್ತಾ? "ಆಮೆನ್, ಹಾಗೇ ಆಗಲಿ." ಆಮೇಲೆ, ಸಮಾಧಾನದ ಮಾತು ಹೇಳುವ ಪ್ರವಾದಿಯನ್ನು ಆ ಮಾತು ನೆರವೇರಿದಾಗ ನಂಬೋಣ ಅನ್ನುವ ಅರ್ಥ ಬರುವಂತೆ ಸೇರಿಸಿದ. ನಿಮ್ಮಮ್ಮನ ಸಾಲ ತೀರಲಿ, ನಾನೂ ಆಮೆನ್ ಅನ್ನುತ್ತೇನೆ. ಕಂತು ಮಾತ್ರ ಮೊದಲು ಕಟ್ಟಿ.

ಕಾಫಿಸೀಮೆ:
ದೊಡ್ಡಮ್ಮ ಹೇಳಿದ್ದು ಕೀರ್ತನೆ 105:15 ಇರಬೇಕು, ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ ಅನ್ನುವ ವಚನ. ಅಲ್ಲಿರುವುದು ಅಬ್ರಹಾಮ, ಇಸಾಕ, ಯಾಕೋಬರ ವಿಷಯ. ಊರೂರು ಅಲೆಯುತ್ತಿದ್ದ ಅವರಿಗೆ ರಾಜರು ಕೇಡು ಮಾಡದಂತೆ ದೇವರು ಕಾಯ್ದ. ಮೈಕ್ ಹಿಡಿದವರನ್ನು ಪ್ರಶ್ನೆ ಕೇಳಬಾರದು ಅಂತ ಅಲ್ಲ. ಅಂತಿಯೋಕ್ಯ ಪಟ್ಟಣದಲ್ಲಿ ಅಪೊಸ್ತಲ ಪೌಲ, ಯೇಸುವಿನ ಮುಖ್ಯ ಶಿಷ್ಯನಾದ ಪೇತ್ರನನ್ನೇ ಮುಖಾಮುಖಿ ತಪ್ಪು ಅಂದ (ಗಲಾತ್ಯ 2:11). ಶಾಪ ಏನೂ ತಟ್ಟಲಿಲ್ಲ.

ಹಳೇ ಬೆಂಚು:
ಒಂದು ಮಾತು, ಬೈಬೇಡಿ. ನಾನು ಹೀಗೆ ಪರೀಕ್ಷೆ ಮಾಡಿ ಮಾಡಿಯೇ ಕೆಟ್ಟವನು. ಪ್ರಸಂಗ ಶುರುವಾದರೆ ಸಾಕು, ಮೊಬೈಲಿನಲ್ಲಿ ವಚನ ತೆಗೆದು ತಪ್ಪು ಹುಡುಕುತ್ತಿದ್ದೆ. ನಮ್ಮ ಅಯ್ಯನವರು ತಡವರಿಸಿ ಮಾತಾಡುವವರು. ಅವರ ಒಂದು ಪ್ರಸಂಗವೂ ನನ್ನ ಕಿವಿಗೆ ಇಳಿಯಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ 11 ದಿನವೂ ಬಸ್ಸು ಹಿಡಿದು ಬಂದು ಪಕ್ಕದಲ್ಲಿ ಕೂತವರು ಅವರೇ. ಬೆರೋಯ ಪಟ್ಟಣದವರು ಪೌಲನ ಮಾತನ್ನೂ ಶಾಸ್ತ್ರದಲ್ಲಿ ಹುಡುಕಿ ನೋಡಿದರು, ನಿಜ. ಆದರೆ ಮೊದಲು ಮನಸ್ಸಿಟ್ಟು ಕೇಳಿದರು ಅಂತಲೂ ಅದೇ ವಚನದಲ್ಲಿದೆ (ಅಪೊಸ್ತಲರ ಕೃತ್ಯಗಳು 17:11). ನೀವು ಅತ್ತಿದ್ದು ಸುಳ್ಳಲ್ಲ. ಆ ಅಳು ಬೇರೆ, ಆ ಕವರ್ ಬೇರೆ.

ಹಿತ್ತಲ ಗಿಡ:
ಮೇಷ್ಟ್ರೇ, ರಾತ್ರಿ ಅಮ್ಮನಿಗೆ ಎರಡೂ ಅಧ್ಯಾಯ ಓದಿ ಹೇಳಿದೆ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲೂ ಅದೇ 29:11 ಇದೆ. ಅಮ್ಮ ಅದನ್ನೇ ಸ್ವಲ್ಪ ಹೊತ್ತು ನೋಡಿ, "ಎಪ್ಪತ್ತು ವರ್ಷ ಅಂತ ಇದರಲ್ಲಿ ಹಾಕಿಲ್ಲವಲ್ಲೇ" ಅಂದಳು. ಶನಿವಾರ ಕಂತು ಕಟ್ಟಿ ಬಂದೆವು. ಭಾನುವಾರ ಅದೇ ಕವರಿಗೆ 200 ರೂಪಾಯಿ ಹಾಕಿ ನಮ್ಮ ಸಭೆಯ ಕಾಣಿಕೆ ಚೀಲಕ್ಕೆ ಕೊಟ್ಟಳು. ದೊಡ್ಡಮ್ಮ ಇನ್ನೂ ಮಾತಾಡುತ್ತಿಲ್ಲ.