‘ಅಂಡರ್‌ಪಿನ್ನಿಂಗ್’, ‘ಮೈಕ್ರೋಪೈಲ್’: ಅಡಿಗಟ್ಟು, ಬೇರುಗಂಬ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಸೇತುವೆಗಳ ದುರಸ್ತಿ ಕುರಿತು ಕಿರಿಯ ಎಂಜಿನಿಯರುಗಳಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬರವಣಿಗೆ ನಿಂತಿದೆ.

ಮೊದಲನೆಯದು ‘ಅಂಡರ್‌ಪಿನ್ನಿಂಗ್’. ಹೊಳೆ ಮಣ್ಣು ಕೊರೆದು ಪಾಯ ಸಡಿಲವಾದಾಗ, ಇಲ್ಲವೇ ಎತ್ತಿನಗಾಡಿಯ ಕಾಲದ ಪಾಯ ಇಂದಿನ ಲಾರಿಗಳ ಭಾರಕ್ಕೆ ಸಾಲದಾದಾಗ, ಮೇಲಿನದನ್ನು ಕೆಡವದೆ ಅಡಿಯಲ್ಲೇ ಹೊಸ ಪಾಯ ಕೊಡುವ ಕೆಲಸ. ಉದ್ದಕ್ಕೂ ಒಮ್ಮೆಲೇ ಅಗೆದರೆ ಕಂಬವೇ ಕುಸಿದೀತು. ಅದಕ್ಕೇ ಒಂದು ಒಂದೂವರೆ ಮೀಟರಿನಷ್ಟು ಅಗೆದು, ಕಾಂಕ್ರೀಟ್ ತುಂಬಿ, ಹಳತು ಹೊಸತರ ನಡುವಿನ ಸಂದಿಗೆ ಗಟ್ಟಿ ಗಾರೆ ಜಡಿದು, ಅದು ಬಲಿತ ಮೇಲೆ ಮುಂದಿನ ತುಂಡಿಗೆ ಕೈಹಾಕುತ್ತಾರೆ. ‘ಬಲಪಡಿಸುವುದು’ ಎಂದರೆ ಈ ‘ಕೆಳಗಿನಿಂದ’ ಎಂಬುದೇ ಬಿಟ್ಟುಹೋಗುತ್ತದೆ. ‘ಊರೆ ಕೊಡುವುದು’ ತಾತ್ಕಾಲಿಕ ಆಸರೆ. ನನಗೆ ಹೊಳೆದದ್ದು ‘ಅಡಿಗಟ್ಟು’. ಆದರೆ ಸಾಲುಗಟ್ಟು, ಹೆಪ್ಪುಗಟ್ಟು ಎಲ್ಲ ತಾವಾಗಿಯೇ ಆಗುವ ಕ್ರಿಯೆಗಳು. ‘ಅಡಿಗಟ್ಟಿದೆ’ ಎಂದರೆ ತಳದಲ್ಲಿ ಗಸಿ ಕೂತಿದೆ ಎಂದು ಕೇಳಿಸೀತೇ ಎಂಬ ಅಳುಕಿದೆ.

ಎರಡನೆಯದು ‘ಮೈಕ್ರೋಪೈಲ್’. ಪಾಯದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಸಪೂರ ಕಂಬವಿದು. ಸೇತುವೆಯ ಕೆಳಗೆ ದೊಡ್ಡ ಕಂಬ ಇಳಿಸುವ ಎತ್ತರದ ಪೈಲಿಂಗ್ ಯಂತ್ರ ನಿಲ್ಲಲು ಜಾಗವಿರುವುದಿಲ್ಲ. ಅಲ್ಲಿ ತಗ್ಗಿನ ಸಣ್ಣ ಯಂತ್ರ ಇಳಿಸಿ, ಹಳೆಯ ಪಾಯವನ್ನೇ ತೂರಿ 300 ಮಿಲಿಮೀಟರಿಗಿಂತ ಕಿರಿದಾದ ರಂಧ್ರ ಕೊರೆದು, ಗಿಡ್ಡ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ತಿರುಚಿ ಸೇರಿಸುತ್ತ ಇಳಿಸಿ, ಸಿಮೆಂಟಿನ ನೀರುಗಾರೆ ತುಂಬುತ್ತಾರೆ. ಇದಕ್ಕೆ ‘ಕಿರುಗೂಟ’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ಗೂಟ ಹೊಡೆಯುವಂಥದ್ದು, ಇದು ಕೊರೆದು ಕೂರಿಸುವಂಥದ್ದು. ಬಿರುಕುಬಿಟ್ಟ ಕಟ್ಟಡದ ಪಕ್ಕ ಯಾವುದನ್ನೂ ಹೊಡೆಯಬಾರದು ಎಂಬುದೇ ಈ ವಿಧಾನದ ಜೀವಾಳ. ಪದ ತಪ್ಪಿದರೆ ಓದುವ ಹುಡುಗ ಕೆಲಸವನ್ನೇ ತಪ್ಪಾಗಿ ತಿಳಿದಾನು.

ಈ ವಿಧಾನವನ್ನು 1952ರಲ್ಲಿ ಇಟಲಿಯಲ್ಲಿ ರೂಪಿಸಿದವರು ಎಂಜಿನಿಯರ್ ಫೆರ್ನಾಂಡೊ ಲಿತ್ಸಿ. ಎರಡನೇ ಮಹಾಯುದ್ಧದಲ್ಲಿ ಜಖಂಗೊಂಡ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳಬೇಕಿದ್ದ ಕಾಲವದು. ಅವರಿಟ್ಟ ಹೆಸರು ‘ಪಾಲಿ ರಾದಿಚೆ’, ಅಂದರೆ ಬೇರಿನ ಕಂಬಗಳು. ವೆನಿಸ್‌ನ ಮೂರು ಕಮಾನಿನ ಸೇತುವೆಗೂ ಇದೇ ಚಿಕಿತ್ಸೆ ಆಗಿದೆ. ಹೆಸರು ಎಷ್ಟು ಸರಿಯಾಗಿದೆ ನೋಡಿ! ಈ ಸಪೂರ ಕಂಬ ತುದಿಯ ಮೇಲೆ ನಿಲ್ಲುವುದಕ್ಕಿಂತ ಹೆಚ್ಚಾಗಿ ಮೈಯುದ್ದಕ್ಕೂ ಮಣ್ಣನ್ನು ಕಚ್ಚಿಕೊಂಡು ಭಾರ ಹೊರುತ್ತದೆ, ಬೇರಿನ ಹಾಗೆಯೇ. ‘ಬೇರೂರು’ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಹಾಗಾಗಿ ‘ಬೇರುಗಂಬ’ ಎನ್ನೋಣವೆಂದು ನನ್ನ ಮನಸ್ಸು. ‘ಕಂಬ’ ಎಂದರೆ ನೆಲದ ಮೇಲಿನದು ಎಂಬ ಆಕ್ಷೇಪ ಬರಬಹುದು, ಆದರೆ ‘ಬೇರು’ ಮುಂದಿರುವಾಗ ಆ ಗೊಂದಲ ಆಗಲಾರದು.

‘ಅಡಿಗಟ್ಟು’ ಮಾತ್ರ ಇನ್ನೂ ಕಾಡುತ್ತಿದೆ. ಹಳೆಯ ಗೋಡೆಗೆ ಕೆಳಗಿನಿಂದ ಪಾಯ ಕೊಡುವುದಕ್ಕೆ ನಿಮ್ಮ ಕಡೆಯ ಗಾರೆ ಕೆಲಸದವರು, ಕಲ್ಲು ಕಟ್ಟುವವರು ಏನನ್ನುತ್ತಾರೆ? ಧಾರವಾಡದ ಕಡೆ, ಕರಾವಳಿಯ ಕಡೆ ಬೇರೆ ಮಾತಿದ್ದರೆ ಅವರು ಆಡುವ ಹಾಗೆಯೇ, ವಾಕ್ಯದ ಸಮೇತ ಬರೆದು ತಿಳಿಸಿ.