ಏಪ್ರಿಲ್ ತಿಂಗಳ ಮಳೆ ಲೆಕ್ಕ: ಸರಾಸರಿಗಿಂತ ಮಾನಕ ವಿಚಲನೆ ಹೆಚ್ಚು ಬರಬಹುದೇ?

ಪ್ರಶ್ನೆ (ವಿದ್ಯಾರ್ಥಿನಿ, ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್‌ಸಿ. ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ. ಕೊಪ್ಪದ ಹತ್ತಿರದ ನಮ್ಮ ತೋಟದಲ್ಲಿ ಅಜ್ಜ ಬರೆದಿಟ್ಟಿರುವ ಮಳೆ ಪುಸ್ತಕದಿಂದ, ಪ್ರಾಜೆಕ್ಟಿಗೆಂದು ಒಂದು ಏಪ್ರಿಲ್ ತಿಂಗಳ ಅಂಕಿಗಳನ್ನು ತೆಗೆದುಕೊಂಡೆ. ಐದು ದಿನಗಳ ಎದುರು ಮಾತ್ರ ಮಳೆ ಬರೆದಿದೆ: 30, 50, 80, 120 ಮತ್ತು 200 ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಇಂಚು). ಉಳಿದ 25 ದಿನಗಳ ಜಾಗ ಖಾಲಿ ಇದ್ದುದರಿಂದ ಅವನ್ನು ಸೊನ್ನೆ ಎಂದು ಹಿಡಿದೆ. ಸರಾಸರಿ 16, ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಬೆಲೆ) 0, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಸುಮಾರು 44 ಸೆಂಟ್ಸ್ ಬಂತು. ಸರಾಸರಿಗಿಂತ ವಿಚಲನೆ ಇಷ್ಟು ದೊಡ್ಡದಾಗಿ ಬಂದರೆ ಲೆಕ್ಕ ತಪ್ಪಿದೆ ಎಂದು ಅರ್ಥವೇ?

ಉತ್ತರ 1 (ಸಂಖ್ಯಾಶಾಸ್ತ್ರ ಅಧ್ಯಾಪಕಿ, ಹಾಸನ)

ಲೆಕ್ಕ ಸರಿಯಾಗಿಯೇ ಇದೆ. ಹೆಚ್ಚಿನ ದಿನಗಳು ಸೊನ್ನೆಯಾಗಿದ್ದು ಕೆಲವೇ ದಿನಗಳಲ್ಲಿ ದೊಡ್ಡ ಮಳೆ ಬಿದ್ದಿರುವಾಗ ಮಾನಕ ವಿಚಲನೆ ಸರಾಸರಿಯನ್ನು ಮೀರುವುದು ಸಹಜ. ಆದರೆ ‘ಸರಾಸರಿಯಿಂದ ಒಂದು ವಿಚಲನೆಯಷ್ಟು ಆಚೀಚೆ’ ಎಂಬ ರೂಢಿಯ ವಾಕ್ಯವನ್ನು ಇಲ್ಲಿ ಬರೆಯಬೇಡಿ; ಹದಿನಾರರಲ್ಲಿ ನಲವತ್ತನಾಲ್ಕು ಕಳೆದರೆ ಮೈನಸ್ 28 ಸೆಂಟ್ಸ್ ಮಳೆ ಎಂದಾಗುತ್ತದೆ, ಅಂಥ ಮಳೆ ಎಲ್ಲಿಯೂ ಬೀಳುವುದಿಲ್ಲ. ಅದರ ಬದಲು ಒಟ್ಟು ಮಳೆ 480 ಸೆಂಟ್ಸ್, ಮಳೆ ಬಿದ್ದ ದಿನಗಳು ಐದು, ಆ ಐದು ದಿನಗಳ ಮಧ್ಯಾಂಕ 80 ಎಂದು ಬರೆದರೆ ಓದುವವರಿಗೆ ಆ ತಿಂಗಳು ಕಣ್ಣಿಗೆ ಕಟ್ಟುತ್ತದೆ.

ಉತ್ತರ 2 (ಕಾಫಿ ಬೆಳೆಗಾರ, ಮೂಡಿಗೆರೆ)

ಮೇಡಂ ಹೇಳಿದ್ದು ತೋಟದ ಅನುಭವಕ್ಕೂ ಒಪ್ಪುತ್ತದೆ. ಕಾಫಿ ಹೂವಿಗೆ ಸುಮಾರು ಒಂದು ಇಂಚು, ಅಂದರೆ ನೂರು ಸೆಂಟ್ಸ್ ಮಳೆ ಒಟ್ಟಿಗೆ ಬೀಳಬೇಕು. ದಿನಕ್ಕೆ 16 ಸೆಂಟ್ಸಿನಂತೆ ತಿಂಗಳಿಡೀ ಹನಿದಿದ್ದರೆ ಮೊತ್ತ ಅಷ್ಟೇ ಆಗುತ್ತಿತ್ತು, ಆದರೆ ಮೊಗ್ಗು ಸರಿಯಾಗಿ ಅರಳುತ್ತಿರಲಿಲ್ಲ.

ನನ್ನ ಅನುಮಾನ ಆ ಖಾಲಿ ಜಾಗಗಳ ಮೇಲೆ. ನಮ್ಮ ಮನೆಯ ಪುಸ್ತಕದಲ್ಲಿ ಮಳೆ ಬಾರದ ದಿನ ಒಂದು ಅಡ್ಡಗೆರೆ ಇರುತ್ತದೆ. ಖಾಲಿ ಬಿಟ್ಟಿದ್ದರೆ ಆ ದಿನ ಅಳೆಯಲಿಲ್ಲ ಎಂದು ಅರ್ಥ. ನಿಮ್ಮ ಅಜ್ಜನವರ ರೂಢಿ ಏನೆಂದು ಒಮ್ಮೆ ಕೇಳಿ ನೋಡಿ.

ಪ್ರಶ್ನೆ ಕೇಳಿದವರು

ಕೇಳಿದೆ ಸರ್. ಮಳೆ ಬಾರದ ದಿನ ಏನೂ ಬರೆಯುವುದಿಲ್ಲವಂತೆ. ಆದರೆ ಆ ತಿಂಗಳು ಮದುವೆಯೊಂದಕ್ಕೆ ಅರಸೀಕೆರೆಗೆ ಹೋಗಿ ನಾಲ್ಕು ದಿನ ಮಳೆಮಾಪಕ ನೋಡಿರಲಿಲ್ಲ. ಐದನೆಯ ಬೆಳಿಗ್ಗೆ ಬಂದು ಅಳೆದಾಗ ಸಿಕ್ಕಿದ್ದೇ ಆ 200 ಸೆಂಟ್ಸ್. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಊರಲ್ಲಿ ಇಲ್ಲ’ ಎಂದು ಸಣ್ಣದಾಗಿ ಬರೆದಿದ್ದಾರೆ, ನಾನು ಗಮನಿಸಿರಲಿಲ್ಲ. ಈಗ ಆ ನಾಲ್ಕು ದಿನಗಳನ್ನು ಬಿಟ್ಟು 26 ದಿನಗಳಿಂದ ಭಾಗಿಸಬೇಕೇ?

ಉತ್ತರ 1 (ಸಂಖ್ಯಾಶಾಸ್ತ್ರ ಅಧ್ಯಾಪಕಿ, ಹಾಸನ)

ಬೇಡ. ಆ ನಾಲ್ಕು ದಿನಗಳ ಮಳೆ, ಬಿದ್ದಿದ್ದರೆ, ಮಾಪಕದೊಳಗೇ ಇತ್ತು. ದಿನಗಳನ್ನು ತೆಗೆದು ಮಳೆಯನ್ನು ಮಾತ್ರ ಉಳಿಸಿಕೊಂಡರೆ ಸರಾಸರಿ ಸುಳ್ಳಾಗಿ ಹದಿನೆಂಟೂವರೆಯ ಹತ್ತಿರಕ್ಕೆ ಏರುತ್ತದೆ. ಮೊತ್ತ 480, ದಿನ 30, ಸರಾಸರಿ 16 ಹಾಗೆಯೇ ನಿಲ್ಲುತ್ತವೆ. ಐದೂ ದಿನ ಮಳೆಯಾಗಿತ್ತು ಎಂದುಕೊಂಡರೂ ಮಳೆಯ ದಿನಗಳು ಒಂಬತ್ತನ್ನು ದಾಟುವುದಿಲ್ಲವಾದ್ದರಿಂದ ತಿಂಗಳ ಮಧ್ಯಾಂಕವೂ ಸೊನ್ನೆಯೇ.

ಅಲುಗಾಡುವುದು ಮಾನಕ ವಿಚಲನೆ. 200 ಸೆಂಟ್ಸ್ ಒಂದೇ ದಿನ ಬಿದ್ದಿದ್ದರೆ 44. ಐದು ದಿನಕ್ಕೂ ಸಮನಾಗಿ 40ರಂತೆ ಹಂಚಿದ್ದರೆ ಸುಮಾರು 29. ಬೇರೆ ಯಾವ ರೀತಿ ಹಂಚಿದರೂ ಉತ್ತರ ಇವೆರಡರ ನಡುವೆಯೇ ಬರುತ್ತದೆ. ನಾನು ಮೊದಲು ಸೂಚಿಸಿದ ‘ಐದು ದಿನ, ಮಧ್ಯಾಂಕ 80’ ಎಂಬುದನ್ನೂ ಈಗ ಖಚಿತವಾಗಿ ಹೇಳುವಂತಿಲ್ಲ, ಅದನ್ನು ಕೈಬಿಡಿ. ವಿಚಲನೆ 29ರಿಂದ 44ರವರೆಗೆ ಎಂದು ಬರೆದು, ಅಜ್ಜನವರ ಆ ಪೆನ್ಸಿಲ್ ಬರಹವನ್ನು ಕೋಷ್ಟಕದ ಕೆಳಗೆ ಇದ್ದ ಹಾಗೆಯೇ ಸೇರಿಸಿ.