ಒಂಟಿ ಬಡ್ಜಿಗೆ ಜೋಡಿ ತರಬೇಕೋ ಬ್ಯಾಡೋ?

ಕೆಲಗೇರಿ_ದಂಡಿ:
ಏಳು ತಿಂಗಳಿನ ಹಸಿರು ಬಡ್ಜಿ (ಪಂಜರದಾಗ ಸಾಕೂ ಸಣ್ಣ ವಿದೇಶಿ ಗಿಳಿ ಜಾತಿ ಹಕ್ಕಿ) ಒಂದ ಐತಿ. ಅಂಗಡ್ಯಾಗ ಗಂಡು ಅಂತ ಹೇಳಿ ಕೊಟ್ಟಾರ, ಮೂಗು (ಕೊಕ್ಕಿನ ಮ್ಯಾಲಿನ ಮೆತ್ತನ ಭಾಗ) ತಿಳಿ ನೀಲಿ. ಪಂಜರ 18×14×18 ಇಂಚು. ಮುಂಜಾನೆ ಒಂಬತ್ತೂವರೆಯಿಂದ ಸಂಜಿ ಆರರ ತನಕ ಮನ್ಯಾಗ ಯಾರೂ ಇರೂದಿಲ್ಲ. ದಿನಾ ಕನ್ನಡಿ ಮುಂದ ಕುಂತಬಿಡತೈತಿ, ಕೈ ಮ್ಯಾಲ ಬರೂದು ಕಡಿಮಿ ಆಗೇತಿ. ಹೆಣ್ಣೊಂದು ತಂದು ಅದ ಪಂಜರದಾಗ ಬಿಡೂ ವಿಚಾರ ಐತಿ. ಪರಿಚಯದವರೊಬ್ಬರು ಗಿಳಿ ಮರಿ ಕೊಡತೀನಂತಾರ, ಅದನ್ನ ಜೋಡಿ ಇಡಬಹುದ?

ನವಣಿ_ತೆನಿ:
ಹೆಣ್ಣು ತರೂಕಿಂತ ಮೊದಲ ನಿಮ್ಮದು ಗಂಡ ಹೌದೋ ಅಲ್ಲೋ ನೋಡ್ರಿ. ‘ನೀಲಿ ಐತಿ ಅಂದ್ರ ಗಂಡು’ ಅನ್ನೂದು ಅರ್ಧ ಸತ್ಯ. ಏಳು ತಿಂಗಳಿಗೆ ಹಸಿರು ಗಂಡಿನ ಮೂಗು ಒಂದ ಸಮ ಗಾಢ ನೀಲಿ ಆಗಿರತೈತಿ. ಎಳೇ ಹೆಣ್ಣಿನ ಮೂಗೂ ತಿಳಿ ನೀಲಿ ಇರತೈತಿ, ಆದ್ರ ಮೂಗಿನ ತೂತಿನ ಸುತ್ತ ಬೆಳ್ಳನ ಉಂಗುರ ಕಾಣತೈತಿ. ಮುಂದ ಮೊಟ್ಟಿಗೆ ಬಂದಾಗ ಅದು ಕಂದು ಬಣ್ಣಕ್ಕ ತಿರಗತೈತಿ. ಹಗಲ ಬೆಳಕಿನಾಗ ಫೋಟೋ ತಗದು ದೊಡ್ಡದು ಮಾಡಿ ನೋಡ್ರಿ, ಟ್ಯೂಬ್‌ಲೈಟಿನಾಗ ಬ್ಯಾಡ. (ಪೂರ್ತಿ ಹಳದಿ, ಪೂರ್ತಿ ಬಿಳಿ ಹಕ್ಕಿಗೆ ಈ ಲೆಕ್ಕ ನಡ್ಯೂದಿಲ್ಲ. ಅವುಗಳ ಗಂಡಿನ ಮೂಗು ದೊಡ್ಡದಾದ್ರೂ ಗುಲಾಬಿನ ಇರತೈತಿ.)

ಯಾಕ ಇಷ್ಟ ಹೇಳಾಕತ್ತೀನಂದ್ರ, ಎರಡು ಹೆಣ್ಣು ಸಣ್ಣ ಪಂಜರದಾಗ ಇಟ್ರ ಕಾಲು, ಮೂಗು ಕಚ್ಚಿ ರಕ್ತ ತಗೀತಾವ. ಎರಡು ಗಂಡು ಸಾಮಾನ್ಯವಾಗಿ ತಕರಾರಿಲ್ಲದ ಇರತಾವ. ಇನ್ನ ನಿಮ್ಮ ಪಂಜರ ಒಂದಕ್ಕ ಇಕ್ಕಟ್ಟು. ಎರಡಕ್ಕ ಕನಿಷ್ಠ 30 ಇಂಚು ಉದ್ದ, 18 ಅಗಲ, 18 ಎತ್ತರ ಬೇಕು, ಸರಳಿನ ನಡುವ ಅರ್ಧ ಇಂಚಿಗಿಂತ ಹೆಚ್ಚಿಗೆ ಸಂದಿ ಇರಬಾರದು. ಎತ್ತರಕ್ಕಿಂತ ಉದ್ದ ಮುಖ್ಯ, ಹಕ್ಕಿ ಅಡ್ಡ ಹಾರತೈತಿ. ಕುಂಡ್ರಾಕ ಪ್ಲಾಸ್ಟಿಕ್ ಕೋಲು ತಗದು ಬೇವಿನ ಇಲ್ಲಾ ಪೇರಲ ಟೊಂಗಿ, ಕಿರುಬೆರಳಿನಷ್ಟು ದಪ್ಪಂದು, ಔಷಧ ಹೊಡಿಲಾರದ ಗಿಡದ್ದು.

ಹಾವೇರಿ_ಹಕ್ಕಿಗೂಡು:
ಜೋಡಿಗಿಂತ ಮೊದಲು ಕನ್ನಡಿ ತೆಗೆಯಿರಿ. ಅದು ತನ್ನ ಬಿಂಬವನ್ನೇ ಜೊತೆಗಾರ ಅಂದುಕೊಂಡಿದೆ, ಕೈಗೆ ಬರದಿರುವುದಕ್ಕೆ ಅದೂ ಒಂದು ಕಾರಣ. ಮೂರು ವಾರ ಕನ್ನಡಿ ಇಲ್ಲದೆ, ಬೆಳಿಗ್ಗೆ ಸಂಜೆ ಅರ್ಧ ಗಂಟೆ ಹೊರಗೆ ಬಿಟ್ಟು, ನವಣೆ ತೆನೆಯನ್ನು ಕಾಗದದಲ್ಲಿ ಸುತ್ತಿ ಹರಿದು ತಿನ್ನಲು ಕೊಟ್ಟು ನೋಡಿ. ಆಮೇಲೂ ಮಂಕಾಗಿದ್ದರೆ, ಎಂಟು ಗಂಟೆಗೂ ಹೆಚ್ಚು ಒಂಟಿ ಇರುವ ಗುಂಪಿನ ಹಕ್ಕಿಗೆ ಜೊತೆ ಬೇಕು, ತನ್ನಿ. ಆದರೆ ‘ಕೈಗೆ ಬರಲಿ’ ಅಂತ ತರಬೇಡಿ. ಎರಡಾದ ಮೇಲೆ ನಿಮ್ಮ ಕಡೆ ಗಮನ ಇನ್ನೂ ಕಡಿಮೆಯಾಗುತ್ತದೆ.

ಹೊಸದನ್ನು ತಂದ ದಿನವೇ ಅದೇ ಪಂಜರಕ್ಕೆ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇರೆ ಕೋಣೆ, ಬೇರೆ ಪಂಜರ, ಬೇರೆ ಬಟ್ಟಲು, ಕನಿಷ್ಠ 30 ದಿನ; 45 ಆದರೆ ಒಳ್ಳೆಯದು. ಮೊದಲು ಹಳೆಯದಕ್ಕೆ ಕಾಳು ನೀರು, ಆಮೇಲೆ ಹೊಸದಕ್ಕೆ, ಕೊನೆಗೆ ಸಾಬೂನಿನಿಂದ ಕೈ. ಒಂದು ಗ್ರಾಂ ತೋರಿಸುವ ಅಡಿಗೆ ತಕ್ಕಡಿ ತಗೊಂಡು ದಿನಾ ಬೆಳಿಗ್ಗೆ ಕಾಳು ಹಾಕುವ ಮೊದಲು ತೂಗಿ ಬರೆದಿಡಿ. ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ಇರುತ್ತದೆ. ಮೂರ್ನಾಲ್ಕು ಗ್ರಾಂ ಇಳಿದರೆ ಹತ್ತನೇ ಒಂದು ಭಾಗ ಹೋದಂತೆ, ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಚೆನ್ನಾಗಿ ತಿಂದರೂ ಬಡವಾಗುತ್ತಿದ್ದು ಹಿಕ್ಕೆಯಲ್ಲಿ ಇಡೀ ಕಾಳು ಬಂದರೆ ಜಠರದ ಸೋಂಕು ಇರಬಹುದು. ಕೊಕ್ಕಿನ ಸುತ್ತ ಜೇನುಗೂಡಿನಂಥ ಬಿಳಿ ಹಕ್ಕಳೆ ಕಂಡರೆ ನುಸಿ. ಅದಕ್ಕೆ ಐವರ್ಮೆಕ್ಟಿನ್ ಇದೆ, ಆದರೆ ತೂಕ ನೋಡಿ ಪ್ರಮಾಣ ಹಾಕುವುದು ಡಾಕ್ಟರ ಕೆಲಸ. ಉಸಿರಿಗೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಕಣ್ಣು ಮೂಗು ಒದ್ದೆಯಿದ್ದರೆ ಸಿಟಕೋಸಿಸ್ ಎಂಬ ಹಕ್ಕಿ ಸೋಂಕು ಇದ್ದೀತು. ಅದು ಮನುಷ್ಯರಿಗೂ ಅಂಟುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣ ಕೆಮ್ಮು ಬಂದರೆ ಮನೆಯಲ್ಲಿ ಹಕ್ಕಿ ಇದೆ ಎಂದು ವೈದ್ಯರಿಗೆ ಹೇಳಿ, ಅವರಾಗಿ ಕೇಳುವುದಿಲ್ಲ.

ಬೆಟಗೇರಿ_ಬಿಸಲು:
ಗಿಳಿ ಮರಿ ವಿಚಾರ ಇಲ್ಲಿಗೇ ಬಿಡ್ರಿ. ನಮ್ಮ ದೇಶದ ಗಿಳಿ ಸಾಕೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಪುಕ್ಕಟೆ ಕೊಟ್ರೂ ಅಷ್ಟ. ಬಡ್ಜಿ ಆಸ್ಟ್ರೇಲಿಯಾದ್ದು, ಅದಕ್ಕ ಈ ತ್ರಾಸ ಇಲ್ಲ. ಅಷ್ಟಲ್ದ ಗಿಳಿ ಒಂದ ಸಲ ಕಚ್ಚಿದ್ರ ಬಡ್ಜಿ ಕಾಲ ಹೋತು.

ಕೆಲಗೇರಿ_ದಂಡಿ:
ಫೋಟೋ ತಗದು ನೋಡಿದೆ, ಮೂಗಿನ ತೂತಿನ ಸುತ್ತ ಬೆಳ್ಳನ ಉಂಗುರ ಐತಿ! ಅಂದ್ರ ಹೆಣ್ಣು. ಗಂಡು ತಂದ್ರ ಮರಿ ಆಗಲಾರದಂಗ ಇಡಬಹುದ? ಮಳಿಗಾಲದಾಗ ತಂದ್ರ ನಡೀತೈತ್ಯ?

ನವಣಿ_ತೆನಿ:
ಇಡಬಹುದ್ರಿ. ಮಡಿಕಿ, ಡಬ್ಬಿ, ಗುಡಿಸಲ ತರದ ಆಟಿಗಿ ಯಾವುದೂ ಹಾಕಬ್ಯಾಡ್ರಿ. ಕತ್ತಲ ಸಂದಿ ಸಿಗಲಿಲ್ಲಂದ್ರ ಮೊಟ್ಟಿ ಇಡೂ ಮನಸ್ಸು ಭಾಳ ಕಡಿಮಿ. ರಾತ್ರಿ 12 ತಾಸು ಕತ್ತಲ ಮಾಡ್ರಿ. ಅಷ್ಟಾದ್ರೂ ತಳದಾಗ ಮೊಟ್ಟಿ ಇಟ್ರ ತಕ್ಷಣ ತಗೀಬ್ಯಾಡ್ರಿ, ತಗದಷ್ಟೂ ಮತ್ತ ಇಡತೈತಿ, ಮೈಯಾನ ಸುಣ್ಣ ಖಾಲಿ ಆಗತೈತಿ. ಕುದಿಸಿ ಆರಿಸಿ ವಾಪಸ್ ಇಡ್ರಿ, ಮೂರು ವಾರದಾಗ ತಾನ ಬಿಟ್ಟಕೊಡತೈತಿ. ಸುಣ್ಣಕ್ಕಂತ ಕಟಲ್ ಬೋನ್ (ಹಕ್ಕಿ ಕೊಕ್ಕಿನಿಂದ ಕೆರದು ತಿನ್ನೂ ಬಿಳಿ ಸಮುದ್ರದ ಚಿಪ್ಪು) ಯಾವಾಗ್ಲೂ ಇರಲಿ. ಪುಕ್ಕ ಉಬ್ಬಿಸಿಕೊಂಡು ತಳದಾಗ ಕುಂತು ತಿಣುಕಾಕತ್ತಿದ್ರ ಮೊಟ್ಟಿ ಸಿಕ್ಕೊಂಡೈತಿ ಅಂತ ತಿಳದು, ಬೆಚ್ಚಗ ಇಟ್ಟು ಅವತ್ತ ಡಾಕ್ಟರ ಕಡೆ ಒಯ್ರಿ.

ಕೂಡಿಸೂದು ಹಿಂಗ: ದೂರ ಇಟ್ಟ ದಿನ ಮುಗದ ಮ್ಯಾಲ ಒಂದು ವಾರ ಎರಡೂ ಪಂಜರ ಗೇಣು ದೂರದಾಗ. ಆಮ್ಯಾಲ ಕೋಣ್ಯಾಗ ಒಟ್ಟಿಗೆ ಬಿಡೂದು. ಫ್ಯಾನ್ ಬಂದ್, ಕಿಟಕಿಗೆ ಪರದಾ. ಕಡೀಕ ಹೊಸಾ ದೊಡ್ಡ ಪಂಜರದಾಗ ಎರಡನ್ನೂ ಒಂದ ಹೊತ್ತಿಗೆ ಬಿಡ್ರಿ, ಹಳೇದರ ಜಾಗಾಕ್ಕ ಹೊಸಾದ್ದು ನುಗ್ಗಿದಂಗ ಆಗಬಾರದು. ಕಾಳಿನ ಬಟ್ಟಲ ಎರಡು, ನೀರಿಂದೂ ಎರಡು.

ಧಾರವಾಡದ ಮಳಿಯಾಗ ಹಕ್ಕಿಗಿಂತ ಕಾಳಿನ ಚಿಂತಿ ಹೆಚ್ಚು. ಸಿಪ್ಪಿ ಸಮೇತ ನವಣಿ, ಸಾವಿ ತಗೋರಿ (ಅನ್ನಕ್ಕ ಮಾರೂದು ಸಿಪ್ಪಿ ತಗದದ್ದು), ಹದಿನೈದು ದಿನಕ್ಕ ಆಗೋವಷ್ಟ ಅಷ್ಟ. ಮುಗ್ಗಲ ವಾಸನಿ ಬಂದ್ರ ಚೆಲ್ಲಿಬಿಡ್ರಿ, ಬೂಸರು ಪುಪ್ಪುಸಕ್ಕ ಇಳೀತೈತಿ. ಒಂದು ಹಕ್ಕಿಗೆ ದಿನಕ್ಕ ಎರಡು ಚಮಚಾ, ಟೀ ಚಮಚಾ. ಬಟ್ಟಲ ತುಂಬಿ ಕಂಡ್ರೂ ಮ್ಯಾಲ ಊದಿ ನೋಡ್ರಿ, ಭಾಳ ಸಲ ಬರೇ ಹೊಟ್ಟ ಇರತೈತಿ. ಎರಡು ಹಕ್ಕಿ ಆದ್ರ ಅದು ಮಧ್ಯಾಹ್ನಕ್ಕ ಖಾಲಿ, ನೀವು ಬರೂದು ಸಂಜಿ ಆರಕ್ಕ.